ಪದವಿಗೊಂದು ಖಣದ ಉಡುಗೊರೆ

ಕುಳಗೇರಿ ಕ್ರಾಸ್‌ನಲ್ಲಿ ಬಾದಾಮಿ ಬಸ್ಸಿಗೆ ಕಾಯುತ್ತ ಕೂತಿದ್ದೆ. ಫೋನಿನ ಕಾರ್ಟ್‌ನಲ್ಲಿ 12 ಸಾವಿರದ ವಾಚ್ ಇತ್ತು. ನನ್ನ ಗೆಳೆಯ ಅಂಗಡಿ ಕೆಲಸ ಮಾಡುತ್ತಲೇ ಓದಿ, ಮೂವತ್ತರ ಹೊಸ್ತಿಲಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಎಂ.ಎ. ಮುಗಿಸಿದ್ದ. ನಾನೋ ಬೆಂಗಳೂರಿನ ಸಾಫ್ಟ್‌ವೇರ್ ಎಂಜಿನಿಯರ್. ಆ ವಾಚ್ ಅವನ ಪದವಿಗಿಂತ ನನ್ನ ಸಂಬಳವನ್ನೇ ಹೇಳುತ್ತದಲ್ಲ ಅನ್ನಿಸಿತು. ಆರ್ಡರ್ ಮಾಡಲಿಲ್ಲ.

ಅವನ ಅವ್ವ ಗುಳೇದಗುಡ್ಡದಲ್ಲಿ ಖಣ ನೇಯ್ದು ಅವನನ್ನು ಓದಿಸಿದಾಕೆ. ಮೊಣಕಾಲು ನೋವಿಗೆ ಮಗ್ಗ ಬಿಟ್ಟು 4 ವರ್ಷ ಆಯ್ತು. ಬಾದಾಮಿಯಲ್ಲಿ ಇಳಿದವಳೇ ಗುಳೇದಗುಡ್ಡದ ಬಸ್ ಹತ್ತಿ, ಕೆಂಪು ಖಣ ಕೊಂಡೆ. ಇಳಕಲ್ ಸೀರೆಗೆ ಕುಪ್ಪಸವಾಗುವ ಬಟ್ಟೆ ಅದು. ಅದರಲ್ಲಿ ಪ್ರಮಾಣಪತ್ರ ಇಡುವ ಫೈಲ್ ಹೊಲಿಸಿದೆ. “ಖಣದಾಗ ಫೈಲಾ?” ಅಂತ ಟೇಲರ್ ನಕ್ಕ. ಒಟ್ಟು ಖರ್ಚು 600 ರೂಪಾಯಿ.

ಮುಂದಿನ ವಾರ ಅದೇ ಕ್ರಾಸ್‌ನ ಚಹಾದಂಗಡಿಯಲ್ಲಿ ಕೈಗಿಟ್ಟೆ. ಅವನು ಮಾತಾಡಲಿಲ್ಲ, ಅಂಚನ್ನು ಬೆರಳಿಂದ ಸವರುತ್ತ ಕೂತ.

ರಾತ್ರಿ ಫೋನ್ ಮಾಡಿದ. ಅವ್ವ ಫೈಲನ್ನು ತಿರುಗಿಸಿ ಮುರುಗಿಸಿ ನೋಡಿ, “ನೇಯ್ಗಿ ಚಲೋ ಐತಿ. ಯಾರ್ ಕೊಟ್ರು?” ಅಂದಳಂತೆ. 7 ವರ್ಷದಲ್ಲಿ ಮೊದಲ ಸಲ ಮನೆಯಲ್ಲಿ ನನ್ನ ಹೆಸರು ಹೇಳಿದನಂತೆ.

“ಮತ್ತ?” ಅಂದೆ, ಉಸಿರು ಬಿಗಿಹಿಡಿದು.

“ಕರಕೊಂಡು ಬಾ ಅಂದಾಳ.”