ಫಾರ್ಮ್ಯಾಟ್ ಮಾಡಿಸುವ ಮೊದಲು ಮುಚ್ಚಳ ತೆಗೆದು ನೋಡಿ

ಕಳೆದ ಬೇಸಿಗೆಯಲ್ಲಿ ನಮ್ಮ ಮನೆಯ ಕಂಪ್ಯೂಟರಿಗೆ ಒಂದು ಹೊಸ ಚಾಳಿ ಶುರುವಾಯಿತು. ಟೈಪ್ ಮಾಡುತ್ತಿದ್ದ ಹಾಗೇ ಪರದೆ ಕಪ್ಪಾಗುತ್ತಿತ್ತು, ಮರುಕ್ಷಣ ತಾನೇ ಮತ್ತೆ ಆನ್ ಆಗುತ್ತಿತ್ತು. ದಿನಕ್ಕೆ 2 ಸಲ ಇದ್ದದ್ದು 10 ಸಲವಾಯಿತು.

"ವೈರಸ್ ಇರಬೇಕು" ಎಂದೆ. ಕಂಪ್ಯೂಟರ್ ವಿಷಯದಲ್ಲಿ ಮನೆಯಲ್ಲಿ ನನ್ನದೇ ಕೊನೆಯ ಮಾತು! ಪೇಟೆಯ ಅಂಗಡಿಗೆ ಒಯ್ದೆ. "ಫಾರ್ಮ್ಯಾಟ್ ಮಾಡುವ. ಒಳಗೆ ಬೇಕಾದ್ದು ಏನಾದರೂ ಉಂಟಾ?" ಎಂದು ಕೇಳಿದರು. "ಏನಿಲ್ಲ, ಮಾಡಿ" ಎಂದುಬಿಟ್ಟೆ.

ಇತ್ತು. ಕಾಲೇಜಿನ ರೇಡಿಯೊ ಅಸೈನ್‌ಮೆಂಟಿಗೆಂದು ಅಜ್ಜಿಯಿಂದ ಹೇಳಿಸಿ ರೆಕಾರ್ಡ್ ಮಾಡಿದ್ದ 14 ಶೋಭಾನೆ ಹಾಡುಗಳಿದ್ದವು. ಅಜ್ಜಿ ತೀರಿಕೊಂಡು 2 ವರ್ಷ. ಅದು ನೆನಪಾದದ್ದು ಮನೆಗೆ ತಂದು ಖಾಲಿ ಪರದೆ ನೋಡಿದಾಗ. ಅರ್ಧ ಗಂಟೆಯಲ್ಲಿ ಕಂಪ್ಯೂಟರ್ ಮತ್ತೆ ರೀಸ್ಟಾರ್ಟ್ ಆಯಿತು. ಹಾಡು ಹೋಗಿತ್ತು, ರೋಗ ಹೋಗಿರಲಿಲ್ಲ.

ದಾರಿ ತೋರಿಸಿದ್ದು ಅಮ್ಮ. "ಬೆಳಿಗ್ಗೆ ಸರಿ ಇರ್ತದೆ ಮಗಾ. ಮಧ್ಯಾಹ್ನ ಅನ್ನ ಬೇಯುವಷ್ಟು ಹೊತ್ತೂ ನಿಲ್ಲುವುದಿಲ್ಲ. ಬಂದ್ ಆಗುವ ಮೊದಲು ಜೋರು ಗುಂಯ್ ಅಂತದೆ."

ಗಡಿಯಾರ ನೋಡಿ ಕೂತೆ. ಮೊದಲ ಸಲ 40 ನಿಮಿಷ, ಮತ್ತೆ 10, ಆಮೇಲೆ 5. ಆರಲು ಬಿಟ್ಟರೆ ಪುನಃ ಹೆಚ್ಚು ಹೊತ್ತು. ಆನ್ ಮಾಡುವಾಗ ಡಿಲೀಟ್ ಕೀ ಒತ್ತಿ ಬಯಾಸ್‌ಗೆ ಹೋಗಿ ಸುಮ್ಮನೆ ಬಿಟ್ಟೆ. ಅಲ್ಲಿ ವಿಂಡೋಸ್ ಇನ್ನೂ ಶುರುವಾಗಿರುವುದಿಲ್ಲ. ಅಲ್ಲೇ ಕಾಣುವ ಪ್ರೊಸೆಸರ್ ಉಷ್ಣಾಂಶ 90 ಡಿಗ್ರಿ ದಾಟಿತು, ಕಂಪ್ಯೂಟರ್ ನಿಂತಿತು. ಅಂದರೆ ಇದು ವಿಂಡೋಸ್‌ನ ತಪ್ಪಲ್ಲ, ವೈರಸ್ಸೂ ಅಲ್ಲ.

ಪ್ಲಗ್ ಕಿತ್ತು ಪಕ್ಕದ ಮುಚ್ಚಳ ತೆಗೆದೆ. ಪ್ರೊಸೆಸರ್ ಫ್ಯಾನಿನ ಕೆಳಗಿನ ಅಲ್ಯೂಮಿನಿಯಂ ಹಲ್ಲುಗಳ ನಡುವೆ ಧೂಳು, ಅಡಿಕೆ ಸಿಪ್ಪೆಯ ನಾರು ಸೇರಿ ಕಂಬಳಿಯಂತೆ ಕೂತಿತ್ತು. ಕಂಪ್ಯೂಟರ್ ಇದ್ದದ್ದು ಚಾವಡಿಯಲ್ಲಿ, ನಾವು ಅಡಿಕೆ ಸುಲಿಯುವುದೂ ಅಲ್ಲೇ. ಮಿತಿಮೀರಿ ಬಿಸಿಯಾದರೆ ಸುಟ್ಟುಹೋಗದಿರಲೆಂದು ಪ್ರೊಸೆಸರ್ ತಾನಾಗಿ ನಿಲ್ಲುತ್ತದೆ. ಪಾಪ, ಅದು ಜೀವ ಉಳಿಸಿಕೊಳ್ಳುತ್ತಿತ್ತು!

ಫ್ಯಾನನ್ನು ತಿರುಗದಂತೆ ಬೆರಳಲ್ಲಿ ಹಿಡಿದು, ಒಣ ಪೈಂಟ್ ಬ್ರಶ್ಶಿನಿಂದ ಧೂಳು ತೆಗೆದೆ. ಒಣಗಿದ್ದ ಥರ್ಮಲ್ ಪೇಸ್ಟ್ ಒರೆಸಿ ಹೊಸದು ಹಚ್ಚಿದೆ. ಅಂದಿನಿಂದ ತೊಂದರೆಯಿಲ್ಲ.

ಎಲ್ಲರ ಮನೆಯಲ್ಲೂ ಧೂಳೇ ಕಾರಣವಾಗಿರಬೇಕೆಂದಿಲ್ಲ. ತೋಟದ ಪಂಪ್ ಹಾಕಿದ ಕೂಡಲೇ ರೀಸ್ಟಾರ್ಟ್ ಆದರೆ ವೋಲ್ಟೇಜ್ ನೋಡಿ. ನೀಲಿ ಪರದೆ ಬಂದರೆ ಅದರಲ್ಲಿರುವ ಕೋಡ್ ಬರೆದಿಟ್ಟುಕೊಳ್ಳಿ, ರಿಪೇರಿಯವರಿಗೆ ಬೇಕಾಗುತ್ತದೆ. ಯಾವಾಗ, ಎಷ್ಟು ಹೊತ್ತಿಗೆ ಆಗುತ್ತದೆ ಎಂದು 2 ದಿನ ಗುರುತು ಹಾಕಿ. ಕರೆಂಟ್ ಬರುವ ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ, ಪ್ಲಗ್ ತೆಗೆದ ಮೇಲೂ ಅದರೊಳಗೆ ಶಾಕ್ ಹೊಡೆಯುವಷ್ಟು ವಿದ್ಯುತ್ ಉಳಿದಿರಬಹುದು.

ಅತ್ತೆ ಮಗಳ ಮೊಬೈಲಿನಲ್ಲಿ 2 ಹಾಡು ಸಿಕ್ಕಿದವು, ಹಿಂದೆಂದೋ ನಾನೇ ಕಳಿಸಿದ್ದು. ಈಗ ಅವು ಪೆನ್‌ಡ್ರೈವಿನಲ್ಲೂ ಇವೆ, ಅಮ್ಮನ ಫೋನಿನಲ್ಲೂ ಇವೆ. ಉಳಿದ 12 ಸಿಗಲಿಲ್ಲ. ಅಂಗಡಿಯವರು "ಬೇಕಾದ್ದು ಉಂಟಾ?" ಎಂದು ಕೇಳಿದಾಗ, ನೀವು ಒಮ್ಮೆ ಮನೆಗೆ ಫೋನ್ ಮಾಡಿ ಕೇಳಿ.