ಪರೀಕ್ಷೆ ನನಗೂ ಆಗಬೇಕಿತ್ತು

ಮದುವೆಯಾಗಿ ಆರು ವರ್ಷ. ಮಕ್ಕಳಾಗಲಿಲ್ಲವೆಂದು ಸ್ಕ್ಯಾನಿಂಗ್, ಮಾತ್ರೆ, ಅರಿಷ್ಟ ಎಲ್ಲವೂ ಹೆಂಡತಿಗೇ. ಮದುವೆ ಮನೆಗಳಲ್ಲಿ "ವಿಶೇಷ ಏನಾದರೂ ಉಂಟಾ?" ಎಂಬ ಪ್ರಶ್ನೆಯೂ ಅವಳಿಗೇ. ನಾನು ಉಪ್ಪಳದ ಅಂಗಡಿಯಲ್ಲಿ ಸುಮ್ಮನೆ ಕುಳಿತಿದ್ದೆ.

ಕೊನೆಗೆ ಮಂಗಳೂರಿನ ವೈದ್ಯರೊಬ್ಬರು ನನ್ನನ್ನೂ ಕರೆಸಿದರು. ಎರಡು ಸಲ ಪರೀಕ್ಷಿಸಿದರೂ ವೀರ್ಯಾಣು ಸೊನ್ನೆ. ನಂತರ ಹಾರ್ಮೋನ್ ನೋಡಲು ಬೆಳಿಗ್ಗೆಯೇ ರಕ್ತ ತೆಗೆದರು. ಟೆಸ್ಟೋಸ್ಟೆರಾನ್ ಆಗ ಹೆಚ್ಚಿರುತ್ತದೆ. ನನ್ನದು ಸರಿಯಾಗಿಯೇ ಇತ್ತು. ಆದರೆ ಎಫ್‌ಎಸ್‌ಎಚ್ 26; ಆ ಲ್ಯಾಬಿನ ಮಿತಿ 12. ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ ವೃಷಣಕ್ಕೆ 'ಕೆಲಸ ಮಾಡು' ಎಂದು ಕಳಿಸುವ ಹಾರ್ಮೋನ್ ಅದು. ಅಲ್ಲಿ ಕೆಲಸ ನಡೆಯದಿದ್ದರೆ ಇನ್ನಷ್ಟು ಕಳಿಸುತ್ತದೆ. ಸಂಖ್ಯೆ ಸಾಮಾನ್ಯವಿದ್ದರೆ ನಾಳದಲ್ಲಿ ತಡೆ ಇರಬಹುದು. ಹೆಚ್ಚಿದ್ದರೆ ಉತ್ಪಾದನೆಯಲ್ಲೇ ತೊಂದರೆಯ ಸೂಚನೆ.

ಮೀಸೆ, ಗಡಸು ದನಿ ಇದ್ದ ಮಾತ್ರಕ್ಕೆ ವೀರ್ಯಾಣು ಇರಬೇಕೆಂದಿಲ್ಲ ಎಂದು ಅಂದೇ ತಿಳಿದದ್ದು.

ರಾತ್ರಿ ಉಮ್ಮನಿಗೆ ಹೇಳಿದೆ: "ತೊಂದರೆ ಅವಳದ್ದಲ್ಲ, ನನ್ನದು." ಉಮ್ಮ ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಒಳಗೆ ಹೋಗಿ ಸೊಸೆಯ ಅರಿಷ್ಟದ ಬಾಟಲಿಗಳನ್ನೆಲ್ಲ ತಂದು ಹೊರಗಿಟ್ಟರು.

ಮಕ್ಕಳಾಗದಿದ್ದರೆ ಗಂಡಸರೇ, ಮೊದಲ ದಿನವೇ ಹೆಂಡತಿಯ ಜೊತೆ ನೀವೂ ಪರೀಕ್ಷೆಗೆ ಹೋಗಿ. ಆರು ವರ್ಷ ಕಾಯಬೇಡಿ.