ಕಾಫಿಗೆ ಏಳುವ ಮುನ್ನ

"ಕಲಿಯೋದಾದ್ರೆ ಗಿಟಾರೋ ಕೀಬೋರ್ಡೋ ಕಲೀಲಿ ಸಾರ್. ಈ ಮಡಕೆ ಬಾರಿಸೋದನ್ನ ಯಾರು ಕೇಳ್ತಾರೆ?"

ಗಾಂಧಿಬಜಾರಿನ ವಿದ್ಯಾರ್ಥಿ ಭವನದ ಮುಂದೆ ದೋಸೆಗೆ ಕಾಯುತ್ತ ನಿಂತಿದ್ದಾಗ ನನ್ನ ವಿದ್ಯಾರ್ಥಿಯೊಬ್ಬನ ತಂದೆ ಕೇಳಿದ ಪ್ರಶ್ನೆ ಇದು. ಹತ್ತನೇ ತರಗತಿಯ ಆ ಹುಡುಗ ಪಕ್ಕದಲ್ಲೇ ತಲೆ ತಗ್ಗಿಸಿ ನಿಂತಿದ್ದ. ನಾಲ್ಕು ವರ್ಷಗಳಿಂದ ಅವನು ಘಟ ಕಲಿಯುತ್ತಿದ್ದಾನೆ. ಅಂದು ಸಂಜೆ ಚಾಮರಾಜಪೇಟೆಯ ದೇವಸ್ಥಾನವೊಂದರಲ್ಲಿ ಅವನ ಮೊದಲ ಕಛೇರಿ. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. "ನಾನೂ ಬರುತ್ತೇನೆ, ನಡೆದೇ ಹೋಗೋಣ" ಎಂದೆ.

ದಾರಿಯಲ್ಲಿ ಒಂದು ಅಂಗಡಿಯಿಂದ ಹೊಸ ಸಿನಿಮಾದ ಹಾಡು ಕೇಳಿಸಿತು. ಮುಂದಿನ ಅಂಗಡಿಯಲ್ಲೂ ಅದೇ, ಪಕ್ಕದಲ್ಲಿ ನಿಂತ ಆಟೋದಲ್ಲೂ ಅದೇ. ಸಿನಿಮಾ ಹಾಡಿನ ಮೇಲೆ ನನಗೇನೂ ಮುನಿಸಿಲ್ಲ; ರಾಜ್‌ಕುಮಾರರ ಹಾಡು ಕೇಳುತ್ತಲೇ ಬೆಳೆದವನು ನಾನು. ಆದರೆ ಮೈಕು ತನ್ನದೇ ಸ್ಪೀಕರಿನ ಎದುರು ಬಂದರೆ ಏನಾಗುತ್ತದೆ? ತನ್ನ ಸದ್ದನ್ನೇ ಮತ್ತೆ ಮತ್ತೆ ಹಿಡಿದು ಕಿರುಚುತ್ತದೆ. ಹೆಚ್ಚು ಜನ ಕೇಳಿದ್ದನ್ನೇ ಇನ್ನಷ್ಟು ಜನರ ಮುಂದಿಡುವ ನಮ್ಮ ಮೊಬೈಲುಗಳೂ ಹಾಗೆಯೇ.

ಕೆ.ಆರ್. ರಸ್ತೆಯಲ್ಲಿ 1905ರಲ್ಲಿ ಸ್ಥಾಪನೆಯಾದ ಗಾಯನ ಸಮಾಜವನ್ನು ದಾಟಿ ಕೋಟೆ ಹೈಸ್ಕೂಲಿನ ಮೈದಾನದ ಬಳಿ ಬಂದೆವು. 1939ರಲ್ಲಿ ಆರಂಭವಾದ ಶ್ರೀರಾಮಸೇವಾ ಮಂಡಳಿಯ ರಾಮನವಮಿ ಸಂಗೀತೋತ್ಸವಕ್ಕೆ ಹೆಸರಾದ ಮೈದಾನ ಇದು. ಎಂ.ಎಸ್. ಸುಬ್ಬುಲಕ್ಷ್ಮಿಯವರಂಥವರು ಹಾಡಿದ ಉತ್ಸವ ಅದು. ಅಲ್ಲಿ ನಿಂತಾಗ ನನ್ನದೇ ತಪ್ಪು ನೆನಪಾಯಿತು. ಎಷ್ಟೋ ವರ್ಷ ನಾನು ದೊಡ್ಡ ಹೆಸರು ನೋಡಿಕೊಂಡೇ ಬರುತ್ತಿದ್ದೆ. ಎಳೆಯರ ಕಛೇರಿ ಮುಗಿಯುವ ಹೊತ್ತಿಗೆ ಒಳಗೆ ಕಾಲಿಡುತ್ತಿದ್ದೆ. ಮೃದಂಗ, ಘಟಗಳ ತನಿ ಆವರ್ತನ ಶುರುವಾದೊಡನೆ ಕಾಫಿಗೆ ಏಳುತ್ತಿದ್ದೆ!

ಹುಡುಗನಿಗೆ ಮಲ್ಲೇಶ್ವರದ ಬಳಿಯ, ಪಿಟೀಲಿನ ಆಕಾರದ ಚೌಡಯ್ಯ ಸ್ಮಾರಕ ಭವನವನ್ನು ನೆನಪಿಸಿದೆ. ಟಿ. ಚೌಡಯ್ಯನವರು (1895-1967) ಗಾಯಕರ ಪಕ್ಕದಲ್ಲಿ ಕೂತು ನುಡಿಸಿಯೇ ಹೆಸರಾದವರು. ಮೈಕು ಇಲ್ಲದ ದಿನಗಳಲ್ಲಿ ಹಿಂದಿನ ಸಾಲಿಗೂ ನಾದ ಮುಟ್ಟಲೆಂದು ನಾಲ್ಕು ತಂತಿಯ ಪಿಟೀಲನ್ನು ಏಳು ತಂತಿಯದಾಗಿ ಮಾಡಿಕೊಂಡರು. ಘಟದಲ್ಲೇ ಸಾಧನೆ ಮಾಡಿದ ಸುಕನ್ಯಾ ರಾಮಗೋಪಾಲ್ ಅವರಂತೂ ನಮ್ಮ ಬೆಂಗಳೂರಿನಲ್ಲೇ ನೆಲೆಸಿದವರು. ಬೇರೆ ಬೇರೆ ಶ್ರುತಿಯ ಘಟಗಳನ್ನು ಜೋಡಿಸಿಟ್ಟು 'ಘಟತರಂಗ' ನುಡಿಸುತ್ತ ಬಂದ ಅವರಿಗೆ 2014ರ ಕೇಂದ್ರ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ ಬಂತು. ಹುಡುಗ ತಲೆ ಎತ್ತಿದ. ತಂದೆ ಮಾತಾಡಲಿಲ್ಲ.

ದೇವಸ್ಥಾನದ ಸಣ್ಣ ಸಭಾಂಗಣದಲ್ಲಿ ನಮ್ಮಿಬ್ಬರನ್ನೂ ಸೇರಿಸಿ ಹನ್ನೊಂದು ಜನ. ಹಾಡಿದವಳು ಕಾಲೇಜು ಹುಡುಗಿ. ಹೆಸರು ನಾವ್ಯಾರೂ ಕೇಳಿದ್ದಲ್ಲ. ತನಿ ಬಂತು. ಅಭ್ಯಾಸಬಲದಿಂದ ಏಳಲು ಹೊರಟವನು ಹಾಗೇ ಕೂತೆ. ಹುಡುಗನ ಬೆರಳುಗಳು ಮೊದಲು ತಡವರಿಸಿದವು, ಆಮೇಲೆ ಓಡಿದವು. ಘಟದ ಬಾಯನ್ನು ಹೊಟ್ಟೆಗೆ ಒತ್ತಿ ಬಿಟ್ಟಾಗ 'ಗುಮ್' ಎಂಬ ನಾದ ಸಭಾಂಗಣವನ್ನೆಲ್ಲ ತುಂಬಿತು. ಮುಂದಿನ ಸಾಲಿನ ಅಜ್ಜಿ ತೊಡೆಯ ಮೇಲೆ ತಾಳ ಹಾಕುತ್ತಿದ್ದರು.

ಹೊರಗೆ ಬಂದಾಗ ತಂದೆ ಮೆಲ್ಲಗೆ ಕೇಳಿದರು: "ಆ 'ಗುಮ್' ಅನ್ನೋ ಸದ್ದು ಎಲ್ಲಿಂದ ಬರುತ್ತೆ ಸಾರ್?"

ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿತ್ತು. ಕತ್ತಿನ ಬಳಿ ತಟ್ಟಿದರೆ ಮಣ್ಣಿನ ಗೋಡೆ ಕಂಪಿಸಿ ಚುರುಕಾದ ಸದ್ದು; ಒಳಗಿನ ಗಾಳಿ ಕಂಪಿಸಿದರೆ ತುಂಬು ನಾದ. ಬಾಯನ್ನು ಅರೆಬರೆ ಮುಚ್ಚಿದಂತೆ ಆ ನಾದದ ಸ್ಥಾಯಿ ಇಳಿಯುತ್ತದೆ. ಸುಟ್ಟ ಘಟದ ಶ್ರುತಿಯನ್ನು ಆಮೇಲೆ ಹೆಚ್ಚು ಬದಲಿಸಲಾಗದು. ಗಾಯಕರ ಶ್ರುತಿಗೆ ಹೊಂದುವ ಘಟವನ್ನೇ ಒಯ್ಯಬೇಕು.

"ಹಾಗಾದ್ರೆ ಇವನಿಗೆ ಇನ್ನೊಂದು ಘಟ ಬೇಕಾಗುತ್ತೆ" ಎಂದರು ತಂದೆ. ಹುಡುಗ ನನ್ನತ್ತ ನೋಡಿ ನಕ್ಕ.

ಮಕ್ಕಳೇ, ಮೆಚ್ಚಿನ ಹಾಡುಗಳನ್ನು ಬಿಡಿ ಎನ್ನುವವನು ನಾನಲ್ಲ. ಮುಂದಿನ ರಾಮನವಮಿಗೆ ಅಪ್ಪ ಅಮ್ಮನನ್ನು ಕರೆದುಕೊಂಡು ಒಂದು ಗಂಟೆ ಮುಂಚೆ ಹೋಗಿ. ತನಿ ಬಂದಾಗ ಕಾಫಿಗೆ ಏಳಬೇಡಿ. ನಿಮ್ಮದೇ ತರಗತಿಯ ಹುಡುಗನೊಬ್ಬ ಅಲ್ಲಿ ಕೂತಿರಬಹುದು.